ನೋವು ಹೋಗಿದೆ ಎಂದ ದಿನ

ಕಮಲಾಬಾಯಿ, ನಾನು ನಿನಗೆ ಸುಳ್ಳು ಹೇಳಿದೆ. ಮೊಣಕಾಲಿನ ಎರಡನೇ ಆಪರೇಷನ್ ಆದ ಮೇಲೆ ನನ್ನ ನೋವು ಪೂರಾ ಹೋಗಿದೆ ಎಂದಿದ್ದೆನಲ್ಲ — ಹೋಗಿರಲಿಲ್ಲ. ಒಂದು ದಿನದ ಮಟ್ಟಿಗೂ ಹೋಗಿರಲಿಲ್ಲ.

ಅಂದು ಬೀದರಿನ ಆಸ್ಪತ್ರೆಯ ಬೆಂಚಿನ ಮೇಲೆ ನೀನೇ ನನ್ನ ಗುರುತು ಹಿಡಿದೆ. ಔರಾದ ತಾಲ್ಲೂಕಿನಲ್ಲಿ ನರ್ಸ್ ಆಗಿ ಊರೂರು ನಡೆಯುತ್ತಿದ್ದ ಕಾಲದಲ್ಲಿ, ಡಾಬಕಾದ ನಿನ್ನ ಮನೆಗೆ ಬಂದು ನಿನ್ನ ಇಬ್ಬರು ಮಕ್ಕಳಿಗೂ ಲಸಿಕೆ ಹಾಕಿದ್ದೆನಂತೆ. ನನಗೆ ನೆನಪಿರಲಿಲ್ಲ. ನೆನಪಿದೆ ಎಂದೆ — ಅದೂ ಸುಳ್ಳೇ. ಮೊದಲ ಆಪರೇಷನ್ನಿನಲ್ಲಿ ನಿನ್ನ ಎಡ ಮೊಣಕಾಲಿಗೆ ಕೂಡಿಸಿದ್ದ ಕೃತಕ ಕೀಲು ಸಡಿಲಾಗಿತ್ತು. ಮತ್ತೆ ತೆರೆಯಬೇಕೆಂದು ಡಾಕ್ಟರು ಹೇಳಿದ್ದರು. ನಿನ್ನ ಗಂಡ ಮಾಣಿಕರಾವ್ ಬೇಡವೆಂದು ಹಟ ಹಿಡಿದಿದ್ದರು. ಕೋಲು ಹಿಡಿದಾದರೂ ನಡೆಯುತ್ತಾಳೆ, ನೀರು ನಾನೇ ತರುತ್ತೇನೆ, ಇಷ್ಟು ಸಾಕು ಎಂಬುದು ಅವರ ಮಾತು.

"ಅಕ್ಕಾವ್ರ, ನೀವು ಎರಡ ಸಲ ಮಾಡಿಸಿಕೊಂಡೀರಿ. ಖರೇ ಹೇಳ್ರಿ, ಬ್ಯಾನಿ ಹೋಯ್ತೇನ್ರಿ?" ಎಂದು ನೀನು ಕೇಳಿದೆ.

"ಪೂರಾ ಹೋಗ್ಯಾದ. ನೋಡು, ಹ್ಯಾಂಗ ನಡೀತೇನಿ."

ನನ್ನ ಕೋಲನ್ನು ನಿನಗೆ ಕಾಣದಂತೆ ಬೆಂಚಿನ ಕೆಳಗೆ ತಳ್ಳಿ, ನಲ್ಲಿಯ ತನಕ ಹೋಗಿ ಬಂದೆ. ಹಲ್ಲು ಕಚ್ಚಿಕೊಂಡು ನಕ್ಕೆ. ನೀನು ಗಂಡನ ಕಡೆ ತಿರುಗಿದೆ — "ಕೇಳಿದ್ರಿಲ್ಲ? ಅಕ್ಕಾವ್ರು ಸುಳ್ಳ ಹೇಳಂಗಿಲ್ಲ."

ಅವರು ತಲೆ ತಗ್ಗಿಸಿ ಒಪ್ಪಿಕೊಂಡರು. ಆ ಕೋಲನ್ನು ನಾನು ಕೈಯಲ್ಲೇ ಇಟ್ಟುಕೊಂಡಿದ್ದರೆ —

ಯಾಕೆ ಹೇಳಿದೆ? ನಿನಗೆ ಧೈರ್ಯ ಬರಲಿ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೊದಲು, ಒಳಗಿನ ಕೋಣೆಯಲ್ಲಿ, ನನ್ನ ಕಾಲನ್ನು ಮೂರನೇ ಸಲ ತೆರೆಯಬೇಕೆಂದು ಡಾಕ್ಟರು ಹೇಳಿದ್ದರು. ಭಾಲ್ಕಿಯ ನನ್ನ ಮನೆಯಲ್ಲಿ ಇನ್ನೂ ಯಾರಿಗೂ ತಿಳಿಸಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಕಮಲಾ. ಪಕ್ಕದ ಮಂಚದಲ್ಲಿ ನನ್ನಂತೆಯೇ ಮತ್ತೆ ಮತ್ತೆ ಕೊಯ್ಸಿಕೊಳ್ಳುವವಳು ಒಬ್ಬಳಿರಲಿ ಅನಿಸಿತು. ಅಷ್ಟಕ್ಕೇ.

ಅದೇ ವಾರ ಇಬ್ಬರೂ ಆಸ್ಪತ್ರೆ ಸೇರಿದೆವು. ನಾನೂ ಮಲಗಿದ್ದನ್ನು ಕಂಡು ನೀನು ಬೆಚ್ಚಿದಾಗ, ಸಣ್ಣ ರಿಪೇರಿ ಎಂದೆ. ಅದನ್ನೂ ನೀನು ನಂಬಿದೆ. ಆಪರೇಷನ್ನಿಗೆ ಮುಂಚೆ ನನ್ನ ಜಡೆ ಹೆಣೆದವಳು ನೀನು.

ಹತ್ತನೆಯ ದಿನ ನಿನ್ನ ಗಾಯದಿಂದ ಕೀವು ಇಳಿಯಿತು. ಹಾಕಿದ ಕೀಲನ್ನು ತೆಗೆದರು, ತೊಳೆದರು, ತಿಂಗಳುಗಟ್ಟಲೆ ಕಾದರು, ಮತ್ತೆ ತೊಳೆದರು. ಕೊನೆಗೆ ಮೂಳೆಗೆ ಮೂಳೆ ಕೂಡಿಸಿ ಒಳಗೆ ಸರಳು ಹಾಕಿದರು. ಆ ಕಾಲು ಇನ್ನು ಮಡಚುವುದಿಲ್ಲ. ನನ್ನದು ಮಡಚುತ್ತದೆ, ನೋವು ಹಾಗೆಯೇ ಇದೆ. ಡಾಕ್ಟರು ಈಗ ನಾಲ್ಕನೆಯದರ ಮಾತು ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ಕಳೆದ ತಿಂಗಳು, ಹೇಳಿಬಿಡಬೇಕೆಂದೇ ಡಾಬಕಾಕ್ಕೆ ಬಂದೆ. ನೀನು ಮಂಚದ ಅಂಚಿನಲ್ಲಿ ಕಾಲನ್ನು ಎದುರಿಗೆ ಚಾಚಿ ಕೂತಿದ್ದೆ. ಮಾಣಿಕರಾವ್ ನೆಲಕ್ಕೆ ಕುಕ್ಕರಿಸಿ ಆ ಪಾದಕ್ಕೆ ಚಪ್ಪಲಿ ತೊಡಿಸುತ್ತಿದ್ದರು — ನಿನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನೇ ಅಂದೆ — "ಯಾಕ ಮಾರಿ ಸಣ್ಣದು ಮಾಡ್ತೀರಿ ಅಕ್ಕಾವ್ರ? ನೀವು ಚಲೋದೇ ಹೇಳಿದ್ರಿ. ನನ್ನ ನಸೀಬಾ ಖರಾಬ್ ಅದರಿ."

ನಾನು ಚಹಾ ಕುಡಿದು ಎದ್ದು ಬಂದೆ.

ನಸೀಬು ಎಂದೆಯಲ್ಲ, ಆ ಜಾಗದಲ್ಲಿ ನನ್ನ ಹೆಸರು ಇಟ್ಟುಕೋ. ಈ ಕಾಗದವನ್ನು ಮಾಣಿಕರಾವ್ ಅವರೇ ನಿನಗೆ ಓದಿ ಹೇಳಲಿ. ಬೇಡ ಎಂದವರು ಅವರು. ಅವರಿಗೂ ಇದು ತಿಳಿಯಬೇಕು. ಕ್ಷಮಿಸು ಎಂದು ಒಂದು ಕಡೆ ಬರೆದಿದ್ದೆ, ಹೊಡೆದುಹಾಕಿದ್ದೇನೆ — ಅದನ್ನು ಕೇಳುವ ಬಾಯಿ ನನಗಿಲ್ಲ.

ಪ್ರತಿ ಭಾನುವಾರ ನೀನು ಫೋನ್ ಮಾಡಿ ನನ್ನ ಕಾಲು ಹೇಗಿದೆಯೆಂದು ವಿಚಾರಿಸುತ್ತೀಯ. ಮುಂದಿನ ಭಾನುವಾರ ಫೋನ್ ಬಾರದಿದ್ದರೆ, ಕಾಗದ ಮುಟ್ಟಿತೆಂದು ತಿಳಿಯುತ್ತೇನೆ.