ಚೀಟಿ ಕಟ್ಟದೆ ಉಳಿದ ಸುತ್ತಿಗೆ

ಪಲ್ಲವಿ, ಸಂಗಮೇಶ,

ಮೊನ್ನೆ ನೀವು ಅಟ್ಟದಿಂದ ಇಳಿಸಿದ ಗೋಣಿಚೀಲದಲ್ಲಿ ಐದು ಸುತ್ತಿಗೆಗಳಿದ್ದವು. "ಅಜ್ಜೀ, ಯಾವ್ದು ಯಾವ್ದಕ್ಕ ಅಂತ ಬರದು ಕಟ್ಟು" ಎಂದು ಐದು ಚೀಟಿ, ಒಂದು ದಾರದುಂಡೆ ಕೊಟ್ಟು ಹೋದಿರಿ. ನಾಲ್ಕಕ್ಕೆ ಕಟ್ಟಿದ್ದೇನೆ. ಐದನೆಯದರ ಎಣ್ಣೆಬಟ್ಟೆ ಬಿಚ್ಚಿದಾಗ ಹಳೆಯ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬಂತು. ಅದಕ್ಕೆ ಚೀಟಿ ಸಾಲುವುದಿಲ್ಲ, ಹಾಳೆ ಬೇಕು.

ನಾಲ್ಕನೆಯ ಇಯತ್ತೆ ಕಲಿತವಳ ಬರಹ ಇದು. ಚಿಗಳ್ಳಿಯ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ಬರೆಯುವುದು ವಾಸಿ, ಎದುರಿಗೆ ಯಾರೂ ಇರುವುದಿಲ್ಲ.

ಹಳಿಯಾಳದ ಕಂಚಗಾರರ ಮನೆಗೆ ನಾನು ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡಿದ್ದರು. ಮಾವ ಮತ್ತು ನಿಮ್ಮ ಅಜ್ಜ ಮುಂದಿನ ಪಡಸಾಲೆಯಲ್ಲಿ ಕೂತು ತಾಮ್ರದ ಕೊಡ, ಹಂಡೆ ಬಡಿಯುತ್ತಿದ್ದರು. ಸೊಸೆ ಮಾವನೊಂದಿಗೆ ಮಾತಾಡುವ ಪದ್ಧತಿ ಇರಲಿಲ್ಲ. ಅಡುಗೆಯಾದರೆ ಬಾಗಿಲ ಹಿಂದೆ ನಿಂತು ಬಳೆ ಸಪ್ಪಳ ಮಾಡುತ್ತಿದ್ದೆ, ಅವರು ಕೈ ತೊಳೆಯಲು ಏಳುತ್ತಿದ್ದರು. ನನಗಂತೂ ಅದು ಅನುಕೂಲವೇ ಆಗಿತ್ತು.

ಸುತ್ತಿಗೆಗಳ ವಿಷಯಕ್ಕೆ ಬರುತ್ತೇನೆ. ತಲೆ ದುಂಡಗಿರುವುದು ತಗಡನ್ನು ಬಟ್ಟಲಿನಂತೆ ತಗ್ಗು ಮಾಡುವುದಕ್ಕೆ. ಕೋಳಿಕೊಕ್ಕಿನಂಥದ್ದು ಕೊಡದ ಕೊರಳಿಗೆ. ಮರದ ಕೊಡತಿ, ಕಾಸಿ ಮೆತ್ತಗಾದ ತಾಮ್ರಕ್ಕೆ. ಭಾರದ್ದು ಹಂಡೆಯ ತಳಕ್ಕೆ. ಐದನೆಯದು ಕೊನೆಯ ಕೆಲಸದ್ದು. ಪಾತ್ರೆ ಆಕಾರಕ್ಕೆ ಬಂದ ಮೇಲೆ ಮೈತುಂಬ ಒತ್ತೊತ್ತಾಗಿ ಸಣ್ಣ ಪೆಟ್ಟು ಕೊಡುತ್ತಾರಲ್ಲ, ಆ ಹೊಳೆಯುವ ಚುಕ್ಕೆಗಳು ಇದರವು. ಇದರ ಮುಖ ಗಾಜಿನಂತೆ ನುಣುಪಾಗಿರಬೇಕು. ಅದರ ಮೇಲೆ ಗೀರು ಬಿದ್ದರೆ ಪ್ರತಿ ಚುಕ್ಕೆಯಲ್ಲೂ ಆ ಗೀರು ಮೂಡುತ್ತದೆ.

ಇದು ಗೊತ್ತಾಗುವ ಮುಂಚೆಯೇ ನಾನು ಅದನ್ನು ಕೆಡಿಸಿದ್ದೆ.

ತವರಿನಿಂದ ಅಂಗೈಯಗಲದ ಕನ್ನಡಿ ತಂದಿದ್ದೆ. ಮಾವ ಅಡುಗೆಮನೆಗೆ ಬರುತ್ತಿರಲಿಲ್ಲವಾದ್ದರಿಂದ ಅಲ್ಲೇ ಒಲೆಯ ಪಕ್ಕದ ಗೋಡೆಗೆ ತೂಗುಹಾಕೋಣ ಎನಿಸಿತು. ಅವರಿಬ್ಬರೂ ಸಂತೆಗೆ ಹೋದಾಗ ಸುತ್ತಿಗೆ ಹುಡುಕಿದೆ. ನಾಲ್ಕು ಮಸಿ ಹಿಡಿದಿದ್ದವು. ಒಂದು ಸ್ವಚ್ಛವಾಗಿ ಬಟ್ಟೆಯಲ್ಲಿತ್ತು. ಸೀರೆ ಹೊಲಸಾಗಬಾರದೆಂದು ಅದನ್ನೇ ತೆಗೆದುಕೊಂಡು ಮೊಳೆ ಹೊಡೆದೆ, ಮೊದಲಿನಂತೆಯೇ ಸುತ್ತಿಟ್ಟೆ. ನನ್ನ ಅಚ್ಚುಕಟ್ಟುತನಕ್ಕೆ ನನಗೇ ಹೆಮ್ಮೆಯಾಗಿತ್ತು.

ಮರುದಿನ ಮಾವ ಮದುವೆಯ ಕೊಡವೊಂದನ್ನು ಮುಗಿಸಲು ಕೂತರು. ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಸಪ್ಪಳ ನಿಂತಿತು. ಪ್ರತಿ ಚುಕ್ಕೆಯಲ್ಲೂ ಕತ್ತರಿಸಿದ ಉಗುರಿನಂಥ ಗೆರೆ.

"ಇದರ್ಲೆ ಮೊಳಿ ಹೊಡದಾವ್ರು ಯಾರು?"

ನಿಮ್ಮ ಅಜ್ಜ ಬೆಳಿಗ್ಗೆಯಷ್ಟೇ ಅಡುಗೆಮನೆಯ ಕನ್ನಡಿ ನೋಡಿ ನಕ್ಕಿದ್ದರು. "ನಾನ ಅಪ್ಪಾ. ಪೆಟಿಗಿ ಮೊಳಿ ಎದ್ದಿತ್ತು."

"ಕಂಚಗಾರನ ಹೊಟ್ಟ್ಯಾಗ ಹುಟ್ಟಿ ಸುತ್ತಿಗಿ ಗುರ್ತು ಸಿಗಲಿಲ್ಲೇನು ನಿನಗ? ಇನ್ನ ಮ್ಯಾಲ ಇದನ್ನ ಮುಟ್ಟಬ್ಯಾಡ. ಹಂಡೆ ತಳಾ ಬಡೀತ ಕುಂದರು."

ನಾನು ಬಾಗಿಲ ಹಿಂದೆ ನಿಂತು ಬಳೆ ಸಪ್ಪಳ ಮಾಡಿದೆ. ಮತ್ತೆ ಮಾಡಿದೆ, ಜೋರಾಗಿ.

"ಊಟಾ ಆಮ್ಯಾಲ ಆಗ್ಲಿ ತಡಿಯವ್ವಾ" ಎಂದರು ಮಾವ.

ಎಂಟು ದಿನ ಅವರು ಆ ಮುಖವನ್ನು ಎಣ್ಣೆ ಸವರಿದ ಸಾಣೆಕಲ್ಲಿಗೆ ತಿಕ್ಕಿದರು. ಅಂಚಿನಲ್ಲಿ ಗೀರಿನ ಒಂದು ಎಳೆ ಉಳಿದೇ ಉಳಿಯಿತು. ಕೊನೆಯ ಕೆಲಸ ನಿಮ್ಮ ಅಜ್ಜನಿಗೆ ಮತ್ತೆ ಸಿಗಲಿಲ್ಲ. ಅದು ಬರದವನು ಪೂರಾ ಕಂಚಗಾರನಲ್ಲ. ಆಗ ದಾಂಡೇಲಿಯ ಕಾಗದದ ಕಾರ್ಖಾನೆಗೆ ಜನರನ್ನು ತೆಗೆದುಕೊಳ್ಳುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಅಜ್ಜ ಅಲ್ಲಿ ಪೈಪು ಜೋಡಿಸುವ ಕೆಲಸಕ್ಕೆ ಸೇರಿದರು. ನಾನೂ ಕನ್ನಡಿ ತೆಗೆದುಕೊಂಡು ಹೋದೆ.

"ನಾ ಹೇಳಿಬಿಡಬೇಕಿತ್ರಿ" ಎಂದೆ ಒಮ್ಮೆ.

"ಹೇಳಿದ್ರ ನಿನ್ನ ಕನ್ನಡಿ ಹೋಗತಿತ್ತು. ಮುಖಾ ನೋಡ್ಕೊಳ್ಳಾಕ ನನ್ನ ಕಣ್ಣಽ ಗತಿ ಆಗತಿದ್ವು" ಎಂದು ನಕ್ಕರು. ಆದರೆ ನೆರೆಯವರ ಮನೆಯಲ್ಲಿ ತಾಮ್ರದ ಕೊಡ ಕಂಡರೆ ಅದರ ಮೈಮೇಲೆ ಅಂಗೈ ಆಡಿಸದೆ ಬರುತ್ತಿರಲಿಲ್ಲ. ನಾನು ಆಗ ಬೇರೆ ಕಡೆ ನೋಡುತ್ತಿದ್ದೆ.

ಎರಡು ವರ್ಷದ ಮೇಲೆ ಮಾವ ದಾಂಡೇಲಿಗೆ ಬಂದರು. ನಿಮ್ಮ ಅಜ್ಜ ಪಾಳಿಗೆ ಹೋಗಿದ್ದರು. ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಈ ಬಟ್ಟೆಯ ಗಂಟು ಇಟ್ಟು ಬಿಚ್ಚಿದರು. ಸುತ್ತಿಗೆಯ ಜೊತೆ ಒಂದು ಮೊಳೆಯಿತ್ತು. ನಾವು ಹೋದ ಮೇಲೆ ಅವರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಲೆಯ ಪಕ್ಕದ ಗೋಡೆಯಲ್ಲಿ ನಾನು ಬಿಟ್ಟುಬಂದ ಮೊಳೆ ಕಂಡಿರಬೇಕು.

ಗೋಡೆ ಕಡೆ ಮುಖ ಮಾಡಿ ಕೇಳಿದರು: "ಆವತ್ತಿನ ಬಳಿ ಸಪ್ಪಳ ಊಟಕ್ಕಲ್ಲ, ಹೌದಿಲ್ಲೊ ತಂಗೀ?"

ಬಳೆ ಸಪ್ಪಳ ಮಾಡಿದೆ.

ಪಾಳಿ ಮುಗಿಸಿ ಬಂದ ಮಗನ ಕೈಗೆ ಮಾವ ಸುತ್ತಿಗೆ ಕೊಟ್ಟರು. "ಊರಿಗೆ ಹೋಗೂಣು ನಡಿ. ಕೊಡಾ ಕಾಯಾಕತ್ತಾವು."

ನಿಮ್ಮ ಅಜ್ಜ ಅದನ್ನು ಬಹಳ ಹೊತ್ತು ಒರೆಸಿದರು. "ಕೈ ಈಗ ಪೈಪಿಗೆ ಹೊಂದ್ಯಾವ ಅಪ್ಪಾ" ಎಂದರು. ಮಾವ ಒಬ್ಬರೇ ಬಸ್ಸು ಹತ್ತಿದರು.

ನೀವು ಕೇಳಿದ ಗುರುತು ಇಷ್ಟೇ. ಮುಖದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ ನೋಡಿ, ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಇವತ್ತೂ ಸಿಕ್ಕಿತು. ಚೀಟಿಯಲ್ಲಿ "ಕೊನೆಯ ಕೆಲಸದ್ದು, ಮೊಳೆ ಹೊಡೆದವಳು ನಾನು" ಎಂದು ಬರೆದು ಕಟ್ಟಿದ್ದೇನೆ. ನಿಮ್ಮ ಅಜ್ಜ ಹೋದ ಮೇಲೆ ಕೈಯಲ್ಲಿ ಬಳೆಯಿಲ್ಲ, ಹೀಗಾಗಿ ಬರೆಯಬೇಕಾಯಿತು. ಈ ಹಾಳೆಗಳನ್ನು ಜೋಪಾನವಾಗಿಡಿ. ಸುತ್ತಿಗೆಯ ಜೊತೆಗೇ ಇಡಿ, ಆದರೆ ಆ ಬಟ್ಟೆಯೊಳಗೆ ಬೇಡ. ಎಣ್ಣೆ ತಾಗಿದರೆ ಅಕ್ಷರ ಹೋಗುತ್ತವೆ.