ಅತ್ತೆಯನ್ನು ಸೋಲಿಸುವ ಯಂತ್ರ

ಪ್ರೇಮಮ್ಮ ಗೆಲುವಿನ ಆಸೆಬುರುಕಿ. ಎದುರಿಗೆ ಹೆತ್ತ ಮಗುವೇ ಕೂತಿದ್ದರೂ ಒಂದು ಕಾಯಿ ಬಿಟ್ಟುಕೊಡುವ ಪೈಕಿಯವಳಲ್ಲ. ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಈಕೆಗೆ ಬಗ್ಗದೆ ಉಳಿದವರು ಒಬ್ಬರೇ, ಅತ್ತೆ ತೀರ್ಥಮ್ಮನವರು. ಮದುವೆಯಾಗಿ ಬಂದಂದಿನಿಂದ ಅವರೆದುರು ಚದುರಂಗದಲ್ಲಿ ಒಂದಾಟವೂ ಗೆದ್ದಿರಲಿಲ್ಲ.

"ಲೆಕ್ಕದ ಮೇಡಮ್ಮಾರು ಮತ್ತೆ ಫೇಲು ಕಣ್ರೀ!" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

೧೯೮೬ರಲ್ಲಿ ಶಾಲೆಗೊಂದು ಕಂಪ್ಯೂಟರ್ ಬಂತು. ಮುಟ್ಟಿದರೆ ಕೆಟ್ಟೀತೆಂದು ಹೆಡ್ಮಾಸ್ಟರು ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿಸಿದರು. ಪ್ರೇಮಮ್ಮ ಕಾಡಿ ಬೇಡಿ ಬೀಗದ ಕೈ ಪಡೆದಳು. ಅತ್ತೆಯನ್ನು ತಾನು ಸೋಲಿಸಲಾರೆ, ಸೋಲಿಸುವುದನ್ನು ಯಂತ್ರಕ್ಕೆ ಕಲಿಸಬಲ್ಲೆ ಎಂಬುದು ಆಕೆಯ ಲೆಕ್ಕಾಚಾರ.

ಪ್ರೋಗ್ರಾಮಿಂಗ್ ಗೊತ್ತಿರಲಿಲ್ಲ. ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿ ಓದಿ, ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಲೇ ಆಟ ಬರೆದಳು. ಮಣೆಯ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಸಾಲಾಗಿ ಅಂಕಿ ಕೊಟ್ಟಿದ್ದರಿಂದ ಬಲದಂಚಿನ ಕುದುರೆ ಹಾರಿದರೆ ಎಡದಂಚಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಸುತ್ತಲೂ ಯಾವ ಕಾಯಿಯೂ ಕಾಲಿಡಬಾರದ ಮನೆಗಳ ಬೇಲಿ ಕಟ್ಟಿ ಅದನ್ನು ತಡೆದಳು. ಕಾಯಿಗೊಂದು ಬೆಲೆ ಕಟ್ಟಿ, ಪ್ರತಿ ನಡೆಗೂ ಎದುರಾಳಿಯ ಉತ್ತರವನ್ನು ಯಂತ್ರ ಮುಂಚೆಯೇ ನೋಡುವಂತೆ ಮಾಡಿದಳು. ಕರೆಂಟು ಹೋದರೆ ಟೇಪಿನ ಕ್ಯಾಸೆಟ್ಟಿಗೆ ಏರಿಸದೆ ಉಳಿದದ್ದೆಲ್ಲ ಅಳಿಸಿಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದಳು. ಮುಂದಿನ ಬೇಸಿಗೆ ರಜೆಯ ಹೊತ್ತಿಗೆ ಯಂತ್ರ ಆಡತೊಡಗಿತು.

ಒಂದು ಭಾನುವಾರ ಅತ್ತೆಯನ್ನು ಶಾಲೆಗೆ ಕರೆತಂದಳು. ಅತ್ತೆ ನಡೆ ಹೇಳಿದರು, ಸೊಸೆ ಕೀಲಿ ಒತ್ತಿದಳು. ಯಂತ್ರ ಒಂದೊಂದು ನಡೆಗೂ ಬಹಳ ಹೊತ್ತು ಯೋಚಿಸಿತು.

"ಏನೇ, ನಿದ್ದೆ ಹೋಯ್ತಾ ನಿನ್ ಡಬ್ಬ?"

ಆದರೆ ಮಧ್ಯಾಹ್ನದ ವೇಳೆಗೆ ಅತ್ತೆಯ ರಾಜ ಮೂಲೆ ಸೇರಿದ್ದ.

"ರಾಜನ್ನ ಕುದುರೆ ಥರ ಹಾರ್ಸೇ," ಎಂದರು ಅತ್ತೆ.

ಯಂತ್ರ ಒಪ್ಪಲಿಲ್ಲ. ರಾಜ ಆಟದಲ್ಲೊಮ್ಮೆ ಕುದುರೆಯಂತೆ ಹಾರಬಹುದೆಂಬುದು ಅವರ ಮನೆಯ ಜಗಲಿಯಲ್ಲಿ ನಡೆದುಬಂದ ನಿಯಮ. ಅತ್ತೆ ಪ್ರತಿಸಲ ತಪ್ಪಿಸಿಕೊಳ್ಳುತ್ತಿದ್ದುದೇ ಅದರಿಂದ. ಪ್ರೇಮಮ್ಮ ಅದನ್ನು ಬೇಕೆಂದೇ ಯಂತ್ರಕ್ಕೆ ಕಲಿಸಿರಲಿಲ್ಲ.

"ಪುಸ್ತಕದಲ್ಲಿ ಹಂಗಿಲ್ಲ, ಅತ್ತೆ."

"ಇಷ್ಟ್ ವರ್ಷ ನನ್ ಜೊತೆ ಯಾವ ಪುಸ್ತಕ ನೋಡ್ಕಂಡ್ ಆಡ್ದೆ?" ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ಇರ್ಲಿ ಬಿಡು. ಸೊಸೆ ಗೆದ್ಲು ಅಂತ ಬೀದೀಲಿ ನಾನೇ ಹೇಳ್ತೀನಿ."

ಇಷ್ಟು ವರ್ಷ ಬಯಸಿದ ಮಾತು ಅದೇ. ಪ್ರೇಮಮ್ಮ ಪರದೆ ನೋಡಿದಳು. ಗೆಲ್ಲಲು ಇನ್ನೊಂದೇ ನಡೆ ಸಾಕಿತ್ತು. ಪ್ರೋಗ್ರಾಮಿಗೆ ಹೊಸ ಸಾಲು ಸೇರಿಸಿದರೆ ಈ ಆಟ ಪೂರ್ತಿ ಅಳಿಸಿಹೋಗುತ್ತದೆಂಬುದೂ ಆಕೆಗೆ ಗೊತ್ತಿತ್ತು.

"ಕೂತ್ಕಳಿ ಅತ್ತೆ," ಎಂದು ಆಟ ನಿಲ್ಲಿಸಿ, ರಾಜನ ಆ ಒಂದು ನೆಗೆತಕ್ಕೆ ಸಾಲು ಬರೆಯತೊಡಗಿದಳು.