ಮುಟ್ಟಬೇಡ ಎಂದ ಖಾಲಿ ಫೈಲು

ಆ ಮನೆಯ ಹಿರಿಯ ಸೊಸೆಗೆ ಮೂಗಿನ ತುದಿಯಲ್ಲೇ ಕೋಪ. ಮಾವನ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಕೋಣೆಯಲ್ಲಿ ಅವಳೂ ಓರಗಿತ್ತಿಯೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಏನಿದ್ದರೂ ಹಿರಿಯವಳ ಗಂಡನೇ ನಡುವೆ ನಿಂತು ಸುದ್ದಿ ಮುಟ್ಟಿಸಬೇಕು, ಪಾಪದ ಪ್ರಾಣಿ! ಯಾರ ಪ್ರೋಗ್ರಾಮು ಕೈಕೊಡುತ್ತದೋ ಅವರು ಕೋಣೆ ಬಿಡಬೇಕೆಂದು ಮಾವ ಹೇಳಿಬಿಟ್ಟಿದ್ದರು. ಆ ಕುರ್ಚಿ ಹೋದರೆ ಹಿರಿಯವಳಿಗೆ ಅಡುಗೆಮನೆಯೇ ಗತಿ.

ಇವರು ಮುಖ ನೋಡದಿದ್ದರೂ ಇವರ ಪ್ರೋಗ್ರಾಮುಗಳು ಮಾತ್ರ ಹಗಲಿರುಳೂ ಮಾತಾಡುತ್ತಿದ್ದವು. ಹಿರಿಯವಳದು ಮಾಂಸದ ಕೋಣೆಗಳ ತಾಪ ಓದಿ ಸಂದೇಶ ಕಳಿಸಬೇಕು. ಕಿರಿಯವಳದು ಅದನ್ನು ಕೇಳಿ, ತಾಪ ಏರಿದರೆ ಗಂಟೆ ಬಾರಿಸಬೇಕು. ಎರಡೂ ಒಂದೇ ಸಂದೇಶಪೆಟ್ಟಿಗೆಗೆ ಬರಬೇಕಲ್ಲ, ಅದಕ್ಕೊಂದು ಸಂಖ್ಯೆ ಬೇಕು. ಕಿರಿಯವಳು ಒಂದು ಖಾಲಿ ಫೈಲು ಮಾಡಿಟ್ಟಿದ್ದಳು. ಶುರುವಾಗುವಾಗ ಎರಡೂ ಆ ಫೈಲಿನ ದಾರಿ ಹಿಡಿದು ಹೋಗಿ ಅದರಿಂದ ಒಂದೇ ಸಂಖ್ಯೆ ಹುಟ್ಟಿಸಿಕೊಳ್ಳುತ್ತಿದ್ದವು.

"ಆ ಫೈಲ್ ಮುಟ್ಟಬಾರದಂತೆ ಕಣೇ," ಎಂದ ಗಂಡ.

"ಯಾಕೆ, ಅವಳಪ್ಪನ ಮನೆ ಆಸ್ತಿನಾ?" ಎಂದವಳೇ ಅಳಿಸಿಹಾಕಿದಳು. ಹೊಟ್ಟೆ ತಣ್ಣಗಾಯಿತು.

ಸಂಜೆ ತನ್ನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಹೋದರೆ, ಫೈಲಿಲ್ಲ ಎಂದು ಅದು ಮೊಂಡು ಹಿಡಿಯಿತು. ಅದೇ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೈಲು ಮಾಡಿಟ್ಟಳು. ಸರಾಗವಾಗಿ ಶುರುವಾಯಿತು. ಆದರೆ ಹೆಸರು ಹಳೆಯದಾದರೇನು, ಫೈಲು ಹೊಸದು. ಡಿಸ್ಕು ಅದಕ್ಕೆ ಬೇರೆ ನಂಬರು ಕೊಟ್ಟಿತ್ತು, ಪೆಟ್ಟಿಗೆಯ ಸಂಖ್ಯೆ ಹುಟ್ಟುವುದು ಆ ನಂಬರಿನಿಂದ. ಅವಳ ಪ್ರೋಗ್ರಾಮು ಹೊಸ ಪೆಟ್ಟಿಗೆಗೆ ಸಂದೇಶ ತುಂಬುತ್ತಿತ್ತು, ನಿಲ್ಲದೆ ನಡೆಯುತ್ತಲೇ ಇದ್ದ ಓರಗಿತ್ತಿಯದು ಹಳೆಯ ಪೆಟ್ಟಿಗೆಯ ಮುಂದೆ ಸುಮ್ಮನೆ ಕಾಯುತ್ತಿತ್ತು.

ಆ ರಾತ್ರಿಯೇ ಕೂಲಿಂಗ್ ಮಿಷನ್ನು ಕೆಟ್ಟಿತು, ಗಂಟೆ ಮೊಳಗಲಿಲ್ಲ. ಮರುದಿನ ಮಾಂಸದ ಕೋಣೆಯ ಬಾಗಿಲು ತೆಗೆದರೆ ಗಬ್ಬು ನಾತ.

"ಗಂಟೆ ನಿಂದು ತಾನೇ? ಇನ್ನು ಈ ಕೋಣೆಗೆ ಕಾಲಿಡಬೇಡ!" ಎಂದು ಮಾವ ಕಿರಿಯವಳ ಮೇಲೆ ಹರಿಹಾಯ್ದರು. ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷ.

ಕಿರಿಯವಳು ಪರದೆ ತೋರಿಸಿದಳು. "ನೋಡಿ ಮಾವ, ಈ ಫೈಲ್ ನಿನ್ನೆ ಸಂಜೆ ಮಾಡಿದ್ದು. ಮುಟ್ಟಬೇಡಿ ಅಂತ ಭಾವನ ಹತ್ರ ಹೇಳಿ ಕಳಿಸಿದ್ದೆ."

ಮಾವ ಮಗನ ಕಡೆ ತಿರುಗಿದರು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿ, "ನಾನೇ ಹೇಳೋದು ಮರೆತೆ ಅಪ್ಪಾ. ಇವಳಿಗೆ ಗೊತ್ತೇ ಇರಲಿಲ್ಲ," ಎಂದ.

ಹಿರಿಯವಳು ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತಿತ್ತು. ಆದರೆ ಓರಗಿತ್ತಿ ತುಟಿ ಕೊಂಕಿಸಿ ನಕ್ಕಳು. "ಬಿಡಿ, ಪಾಪ, ಅಕ್ಕಂಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು!"

ಹಿರಿಯವಳ ಮೈಯೆಲ್ಲ ಉರಿದುಹೋಯಿತು.

"ನಂಗ್ಯಾಕೆ ಗೊತ್ತಿಲ್ಲ? ಇವರು ಹೇಳಿದ್ರು! ನೀನು ಬೇಡ ಅಂದಿದ್ದಕ್ಕೇ ಅಳಿಸಿದೆ ಕಣೇ!"

ಮಾವ ಹಿರಿಯವಳ ಕುರ್ಚಿಯನ್ನು ಎಳೆದು ಕೋಣೆಯ ಹೊರಗಿಟ್ಟರು.